ಗರ್ಭಿಣಿಯೂ ಗುಳಿಗೆಯೂ

1957ರ ಅಕ್ಟೋಬರ್ 1ರಂದು ಪಶ್ಚಿಮ ಜರ್ಮನಿಯ ಔಷಧದಂಗಡಿಗಳಿಗೆ ಒಂದು ಹೊಸ ನಿದ್ರೆಗುಳಿಗೆ ಬಂದಿತು. ಅದರ ಹೆಸರು ಕಾಂಟರ್ಗಾನ್. ಅದರೊಳಗಿದ್ದ ರಾಸಾಯನಿಕ ಥ್ಯಾಲಿಡೊಮೈಡ್. ಆ ಕಾಲದಲ್ಲಿ ಬಳಕೆಯಲ್ಲಿದ್ದ ಬಾರ್ಬಿಚುರೇಟ್ ಗುಳಿಗೆಗಳನ್ನು ಮಿತಿಮೀರಿ ನುಂಗಿದವರು ಸಾಯುತ್ತಿದ್ದರು. ಹೊಸ ಔಷಧವನ್ನಾದರೋ ಎಷ್ಟು ಕೊಟ್ಟರೂ ಪ್ರಯೋಗಶಾಲೆಯ ಇಲಿಗಳು ಸಾಯಲಿಲ್ಲ. ಆದುದರಿಂದ ಇದು ಸಂಪೂರ್ಣ ನಿರಪಾಯಕರವೆಂದು ತಯಾರಕರು ಸಾರಿದರು. ವೈದ್ಯರ ಚೀಟಿಯಿಲ್ಲದೆಯೇ ಮಾರಾಟ ನಡೆಯಿತು. ಬ್ರಿಟನ್ನಿನಲ್ಲಿ 1958ರಲ್ಲಿ ಡಿಸ್ಟಾವಲ್ ಎಂಬ ಹೆಸರಿನಿಂದ ಅದೇ ಔಷಧ ಹೊರಬಂದಿತು. ಗರ್ಭಿಣಿಯರ ಬೆಳಗಿನ ವಾಕರಿಕೆಗೂ ಇದು ಒಳ್ಳೆಯದೆಂಬ ಪ್ರಚಾರ ಹಬ್ಬಿತು.

ಇಲಿ ಸಾಯಲಿಲ್ಲವೆಂಬುದು ಇಲಿಯ ಮಟ್ಟಿಗೆ ಸತ್ಯವೇ. ಹೊಟ್ಟೆಯೊಳಗಿನ ಕೂಸಿನ ಗತಿಯೇನೆಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಗುಳಿಗೆ ಮಾರುಕಟ್ಟೆಗೆ ಬರುವ ಮುನ್ನವೇ, 1956ರ ಕ್ರಿಸ್ಮಸ್ ದಿನ, ತಯಾರಕ ಸಂಸ್ಥೆಯ ನೌಕರನೊಬ್ಬನಿಗೆ ಕಿವಿಗಳಿಲ್ಲದ ಹೆಣ್ಣುಮಗು ಜನಿಸಿತ್ತು. ಆತ ಮಾದರಿ ಗುಳಿಗೆಗಳನ್ನು ಗರ್ಭಿಣಿ ಪತ್ನಿಗಾಗಿ ಮನೆಗೆ ಒಯ್ದಿದ್ದನು. ಅಂದು ಎರಡಕ್ಕೂ ಇರುವ ಸಂಬಂಧವನ್ನು ಯಾರೂ ಗುರುತಿಸಲಿಲ್ಲ.

ಮುಂದಿನ ನಾಲ್ಕೈದು ವರ್ಷಗಳಲ್ಲಿ ತೋಳಿಲ್ಲದೆ ಭುಜಕ್ಕೇ ಅಂಗೈ ಅಂಟಿಕೊಂಡಂತಿರುವ, ಕಾಲುಗಳು ಮೊಟಕಾಗಿರುವ ಮಕ್ಕಳು ಹುಟ್ಟಲಾರಂಭಿಸಿದರು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಜ್ ಇಂಥ ತಾಯಂದಿರನ್ನು ವಿಚಾರಿಸಿ, ಆರಂಭದಲ್ಲಿ ಅವರು ನುಂಗಿದ ಔಷಧ ಯಾವುದೆಂದು ಪತ್ತೆಹಚ್ಚಿದರು. ಆಸ್ಟ್ರೇಲಿಯಾದ ವಿಲಿಯಂ ಮ್ಯಾಕ್‌ಬ್ರೈಡ್ ಕೂಡ ಅದೇ ಶಂಕೆಯನ್ನು 1961ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಅದಕ್ಕೆ ಕೆಲವೇ ದಿನ ಮುಂಚೆ, ನವೆಂಬರ್ ಕೊನೆಯಲ್ಲಿ, ಜರ್ಮನಿಯಲ್ಲಿ ಗುಳಿಗೆಯನ್ನು ಹಿಂತೆಗೆದುಕೊಳ್ಳಲಾಗಿತ್ತು. ಅಷ್ಟರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಬಾಧಿತರಾಗಿದ್ದರೆಂದು ಅಂದಾಜು. ಅವರಲ್ಲಿ ಅನೇಕರು ಶೈಶವದಲ್ಲೇ ಅಳಿದರು.

ಅಮೆರಿಕದ ಕಥೆ ಬೇರೆ. 1960ರ ಸೆಪ್ಟೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದ ಡಾಕ್ಟರ್ ಫ್ರಾನ್ಸೆಸ್ ಕೆಲ್ಸಿಯವರ ಮೇಜಿಗೆ ಇದರ ಅರ್ಜಿ ಬಂದಿತು. 60 ದಿನಗಳೊಳಗೆ ಆಕ್ಷೇಪಿಸದಿದ್ದರೆ ಅನುಮತಿ ತಾನಾಗಿಯೇ ದೊರೆಯುವ ನಿಯಮವಿತ್ತು. ಸಲ್ಲಿಸಿದ ಪುರಾವೆ ಸಾಲದೆಂದು ಆಕೆ ಪ್ರತಿ ಬಾರಿಯೂ ಕಡತವನ್ನು ಹಿಂದಿರುಗಿಸಿದರು. ದೀರ್ಘಕಾಲ ಸೇವಿಸಿದವರಿಗೆ ನರಗಳ ಜೋಮು ಉಂಟಾಗುವುದೆಂಬ ಬ್ರಿಟಿಷ್ ವೈದ್ಯನ ಪತ್ರವನ್ನು ಓದಿದ ಮೇಲೆ, ದೊಡ್ಡವರ ನರವನ್ನು ಕೆಡಿಸುವುದು ಭ್ರೂಣವನ್ನು ಬಿಟ್ಟೀತೆ ಎಂದು ಕೇಳಿದರು. ಕಂಪನಿಯವರು ಮೇಲಧಿಕಾರಿಗಳಿಗೆ ದೂರಿತ್ತರೂ ಆಕೆ ಸಹಿ ಹಾಕಲಿಲ್ಲ. ಕಡತ ತಡವಾಯಿತೆಂದು ಬೈಸಿಕೊಳ್ಳುವ ನೌಕರರೆಲ್ಲರೂ ಕೆಲ್ಸಿಯಾಗಲಾರರು ನಿಜ. ಆದರೆ ಅಲ್ಲಿ ತಡವೇ ಮಕ್ಕಳನ್ನು ಉಳಿಸಿತು. 1962ರಲ್ಲಿ ಅಧ್ಯಕ್ಷ ಕೆನಡಿ ಆಕೆಯನ್ನು ಗೌರವಿಸಿದರು. ಅದೇ ವರ್ಷ ಔಷಧ ಕಾಯಿದೆ ಬಿಗಿಯಾಯಿತು.

ಅಪಾಯದ ಕಾಲವೆಷ್ಟು? ಗರ್ಭಧಾರಣೆಯಾದ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗೆ. ಮೊದಲು ಕಿವಿ, ಅನಂತರ ತೋಳು, ತರುವಾಯ ಕಾಲು—ಆಯಾ ದಿನ ಯಾವ ಅಂಗ ಮೂಡುತ್ತಿತ್ತೋ ಅದಕ್ಕೇ ಪೆಟ್ಟು. ಕೆಲವೆಡೆ ಒಂದೇ ಗುಳಿಗೆ ಸಾಕಾಯಿತು. ಲೆಕ್ಕ ಹಾಕಿ ನೋಡಿದರೆ, ಮುಟ್ಟು ತಪ್ಪಿ ಒಂದು ವಾರವಾಗುವಷ್ಟರಲ್ಲಿ ಈ ಅವಧಿ ತೊಡಗಿ ಮೂರನೆಯ ವಾರಕ್ಕೆ ಮುಗಿಯುತ್ತದೆ. ಬಸುರಿನ ಖಾತ್ರಿಯೇ ಅನೇಕರಿಗೆ ಆಗಿರುವುದಿಲ್ಲ. ವಾಕರಿಕೆ ಆರಂಭವಾಗುವುದೂ ಆಗಲೇ.

ಥ್ಯಾಲಿಡೊಮೈಡ್ ಇಂದು ಕುಷ್ಠರೋಗದ ಒಂದು ಬಗೆಯ ಉರಿಯೂತಕ್ಕೂ ಮೈಲೋಮವೆಂಬ ರಕ್ತದ ಅರ್ಬುದಕ್ಕೂ ಕಟ್ಟುನಿಟ್ಟಿನ ನಿಗಾದಲ್ಲಿ ಬಳಕೆಯಾಗುತ್ತಿದೆ. ಜನ್ಮದೋಷಗಳಲ್ಲಿ ಔಷಧದಿಂದ ಉಂಟಾಗುವುವು ಸ್ವಲ್ಪ ಭಾಗ ಮಾತ್ರ. ಬಹುಪಾಲಿಗೆ ಕಾರಣವೇ ತಿಳಿಯದು. ಹೀಗಿರುವಾಗ ಅತ್ತೆ ಸೊಸೆಯನ್ನೋ, ಸೊಸೆ ತನ್ನನ್ನೋ ದೂಷಿಸಿಕೊಳ್ಳುವುದು ಅನ್ಯಾಯ. ವಾಕರಿಕೆಗೆ ಕೊಡುತ್ತಿದ್ದ ಬೆಂಡೆಕ್ಟಿನ್ ಎಂಬ ಇನ್ನೊಂದು ಗುಳಿಗೆಯ ಮೇಲೂ ಅಮೆರಿಕದಲ್ಲಿ ದಾವೆಗಳು ಬಿದ್ದು, 1983ರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಅದು ನಿರ್ದೋಷಿಯೆಂದು ಸಂಶೋಧನೆಗಳು ತೋರಿಸಿದವು. 2013ರಲ್ಲಿ ಅದೇ ಮಿಶ್ರಣ ಬೇರೆ ಹೆಸರಿನಿಂದ ಮರಳಿ ಬಂದಿತು.

ಮಹಾನಗರದಲ್ಲಿ ತವರು ದೂರ, ಔಷಧದಂಗಡಿ ಹತ್ತಿರ. ಮೂಲೆಯ ಅಂಗಡಿಯಾತನು ಕೇಳಿದ ಕೂಡಲೆ ಗುಳಿಗೆ ಕೊಡುತ್ತಾನೆ. ಕೊಳ್ಳುವವಳು ಬಸುರಿಯೇ ಎಂದು ವಿಚಾರಿಸುವುದು ಅಪರೂಪ. ಮೂರ್ಛೆರೋಗದ ವ್ಯಾಲ್ಪ್ರೊಯೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಸಂಧಿವಾತದ ಮೆಥೊಟ್ರೆಕ್ಸೇಟ್ ಇವು ಭ್ರೂಣಕ್ಕೆ ಹಾನಿಕರ. ಹಾಗೆಂದು ಮೂರ್ಛೆರೋಗದ ಗುಳಿಗೆಯನ್ನು ತಾನಾಗಿಯೇ ನಿಲ್ಲಿಸಿದರೆ ಸೆಳೆತ ಬಂದು ತಾಯಿ ಮಗು ಇಬ್ಬರಿಗೂ ಗಂಡಾಂತರ. ಗರ್ಭ ಬಯಸುವ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಾಯಿಸಿಕೊಳ್ಳಬೇಕು. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನೂ ಆಗಲೇ ಆರಂಭಿಸಬೇಕು. ಮೂರ್ಛೆರೋಗಿಗಳಿಗೆ ಎಷ್ಟು ಬೇಕೆಂಬುದನ್ನು ವೈದ್ಯರೇ ಹೇಳುವರು. ಮೊಡವೆಗೆಂದು ತರುಣಿಯರು ನುಂಗುವ ಐಸೊಟ್ರೆಟಿನಾಯಿನ್ ಗುಳಿಗೆಯಂತೂ ಈ ಸಾಲಿನಲ್ಲಿ ಅತಿ ಅಪಾಯಕಾರಿಗಳಲ್ಲೊಂದು. ಮದುವೆ ಗೊತ್ತಾದ ಹುಡುಗಿ ಮುಖದ ಕಾಂತಿಗಾಗಿ ಅದನ್ನು ಸೇವಿಸುತ್ತಿದ್ದರೆ, ಕೊನೆಯ ಗುಳಿಗೆಯ ಬಳಿಕ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಕೂಡದು.