ಡೆಂಗೆಯಲ್ಲಿ ನುಂಗಿದ ಮಾತ್ರೆ ಮತ್ತು ಮಗನ ಒತ್ತಕ್ಷರ

ಪ್ರಶ್ನೆ: ಮಗನಿಗೆ ಎಂಟೂವರೆ ವರ್ಷ, ಮೂರನೇ ತರಗತಿ. ಮಾತು ಚುರುಕು, ಬಾಯಿಲೆಕ್ಕ ಸರಾಗ. ಓದಲು ಕೂತರೆ ಮಾತ್ರ ಒದ್ದಾಟ. ‘ಅಮ್ಮ’ ಬರೆಯಲು ಹೇಳಿದರೆ ‘ಅಮ’ ಬರೆಯುತ್ತಾನೆ. ‘ಪ’ ಮತ್ತು ‘ಷ’, ‘ಮ’ ಮತ್ತು ‘ವ’ ಅದಲುಬದಲಾಗುತ್ತವೆ. ಇವನು ಹೊಟ್ಟೆಯಲ್ಲಿದ್ದಾಗ ನನಗೆ ಡೆಂಗೆ ಬಂದು ನಾಲ್ಕೈದು ದಿನ ಡೋಲೋ ನುಂಗಿದ್ದೆ. ಅದರಿಂದ ಮಗುವಿನ ಮೆದುಳಿಗೆ ತೊಂದರೆ ಎಂದು ಟಿವಿಯಲ್ಲಿ ಬಂತು. ಸ್ಕ್ಯಾನಿಂಗ್ ಜಾಸ್ತಿ ಮಾಡಿಸಿದ್ದೇ ಕಾರಣ ಎಂದು ಅತ್ತೆ ಹೇಳುತ್ತಾರೆ. ತಪ್ಪು ನನ್ನದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಡೆಂಗೆಯಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡಿದ್ದು ಸರಿಯಾದ ಕೆಲಸ. ಬದಲಿಗೆ ಐಬುಪ್ರೊಫೇನ್ ಅಥವಾ ಆಸ್ಪಿರಿನ್ ನುಂಗಿದ್ದರೆ ರಕ್ತಸ್ರಾವದ ಅಪಾಯವಿತ್ತು.

ನೀವು ನೋಡಿದ ಸುದ್ದಿಯ ಮೂಲ ಬಹುಶಃ 2025ರ ಸೆಪ್ಟೆಂಬರ್ 22ರಂದು ಶ್ವೇತಭವನದಲ್ಲಿ ಟ್ರಂಪ್ ಆಡಿದ ಮಾತು. ಅವರು ದೂರಿದ ಟೈಲೆನಾಲ್‌ನಲ್ಲಿ ಇರುವುದು ನಮ್ಮ ಡೋಲೋದಲ್ಲಿರುವ ಔಷಧವೇ. ಆದರೆ ಅವರು ಮಾತಾಡಿದ್ದು ಆಟಿಸಂ ಕುರಿತು. ನಿಮ್ಮ ಮಗನ ಲಕ್ಷಣಗಳು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ಕಲಿಕಾ ನ್ಯೂನತೆಯ ಕಡೆಗಿವೆ. ಅದೇ ಬೇರೆ, ಇದೇ ಬೇರೆ. ‘ಮಕ್ಕಳ ಮೆದುಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಸುದ್ದಿಯಲ್ಲಿ ಈ ಅಂತರ ಉಳಿಯುವುದಿಲ್ಲ.

ಹಾಗೆಂದು ಆ ಮಾತು ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಮಾತ್ರೆ ನುಂಗಿದ ತಾಯಂದಿರ ಮಕ್ಕಳಲ್ಲಿ ಆಟಿಸಂ, ಎಡಿಎಚ್‌ಡಿ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿವೆ. ಇಲ್ಲಿ ಕೇಳಬೇಕಾದ್ದು, ಮಾತ್ರೆ ನುಂಗಿದವರು ಯಾರು ಎಂದು. ಜ್ವರ ಬಂದವರು, ಮೈಗ್ರೇನ್ ಇದ್ದವರು, ಸೋಂಕು ತಗಲಿದವರು. ವ್ಯತ್ಯಾಸ ತಂದದ್ದು ಮಾತ್ರೆಯೋ, ಕಾಯಿಲೆಯೋ, ಮನೆತನದಲ್ಲಿ ಬಂದ ಗುಣವೋ?

ಸ್ವೀಡನ್ನಿನವರು ಇದನ್ನು ಬಿಡಿಸಿ ನೋಡಿದರು. 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆಗಳನ್ನು ಹಿಡಿದು ಮಾಡಿದ ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹತ್ತನೇ ವಯಸ್ಸಿಗೆ ಆಟಿಸಂ ಪತ್ತೆಯಾದ ಪ್ರಮಾಣ ಮಾತ್ರೆಯ ಗುಂಪಿನಲ್ಲಿ ಶೇ 1.53, ಉಳಿದವರಲ್ಲಿ ಶೇ 1.33. ಇಷ್ಟಕ್ಕೇ ನಿಲ್ಲಿಸಿದ್ದರೆ ಟಿವಿಗೆ ಬ್ರೇಕಿಂಗ್ ನ್ಯೂಸ್ ಸಿಗುತ್ತಿತ್ತು. ಆದರೆ ಅವರು ಒಂದೇ ತಾಯಿಯ ಮಕ್ಕಳನ್ನೂ ಹೋಲಿಸಿದರು: ಒಂದು ಬಸುರಿನಲ್ಲಿ ಮಾತ್ರೆ ನುಂಗಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಆಗ ವ್ಯತ್ಯಾಸ ಅಳಿಸಿಹೋಯಿತು. ಎಡಿಎಚ್‌ಡಿ, ಬೌದ್ಧಿಕ ನ್ಯೂನತೆಗಳಲ್ಲೂ ಹಾಗೇ ಆಯಿತು. ಈ ವಿಧಾನಕ್ಕೂ ಮಿತಿಗಳಿವೆ, ತಜ್ಞರ ವಾದ ಇನ್ನೂ ನಿಂತಿಲ್ಲ. ಅದಕ್ಕೇ ಬಸುರಿಯರಿಗೆ ನಾವು ಹೇಳುವುದು: ಬೇಕಾದಾಗ ಮಾತ್ರ, ಕಡಿಮೆ ಪ್ರಮಾಣ, ಕಡಿಮೆ ದಿನ.

ಅತ್ತೆಯವರ ಅನುಮಾನಕ್ಕೂ ಒಂದು ಇತಿಹಾಸವಿದೆ. 1984ರಲ್ಲಿ ಅಮೆರಿಕದ ಡೆನ್ವರ್‌ನ ಅಧ್ಯಯನವೊಂದು ಸ್ಕ್ಯಾನಿಂಗ್ ಆದ ಮಕ್ಕಳಲ್ಲಿ ಹತ್ತಾರು ಸಂಗತಿಗಳನ್ನು ಅಳೆಯಿತು, ಡಿಸ್ಲೆಕ್ಸಿಯಾ ಮಾತ್ರ ಹೆಚ್ಚು ಕಂಡಿತು. ಅಷ್ಟೊಂದು ಅಳೆದಾಗ ಒಂದು ಆಕಸ್ಮಿಕವಾಗಿ ಹೆಚ್ಚು ಕಾಣುವುದು ಸಹಜ. ಆಮೇಲೆ ನಾರ್ವೆಯಲ್ಲಿ, ಯಾರಿಗೆ ಸ್ಕ್ಯಾನಿಂಗ್ ಎಂದು ಚೀಟಿ ಎತ್ತುವ ರೀತಿಯಲ್ಲಿ ಆರಿಸಿದ್ದ ತಾಯಂದಿರ ಎರಡು ಸಾವಿರ ಮಕ್ಕಳನ್ನು ಎಂಟೊಂಬತ್ತನೇ ವಯಸ್ಸಿನಲ್ಲಿ ನೋಡಿದರು. ಓದು-ಬರಹದಲ್ಲಿ ವ್ಯತ್ಯಾಸ ಇರಲಿಲ್ಲ.

ಡಿಸ್ಲೆಕ್ಸಿಯಾ ಹೆಚ್ಚಾಗಿ ವಂಶದಲ್ಲಿ ಬರುತ್ತದೆ. ಮಗನ ತಂದೆ, ಚಿಕ್ಕಪ್ಪ, ನಿಮ್ಮ ಅಣ್ಣ ಶಾಲೆಯಲ್ಲಿ ಹೇಗಿದ್ದರೆಂದು ಕೇಳಿ ನೋಡಿ. ನನ್ನ ಕ್ಲಿನಿಕ್ಕಿಗೆ ಬರುವವರೂ ತಾಯಿ ಬಸುರಿನಲ್ಲಿ ಏನು ತಿಂದಳೆಂದು ಹೇಳುತ್ತಾರೆ, ತಂದೆಯ ಹಳೇ ಮಾರ್ಕ್ಸ್ ಕಾರ್ಡ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಬಸುರಿನಲ್ಲಿ ನಿಜಕ್ಕೂ ಮೆದುಳಿಗೆ ಹಾನಿ ಮಾಡಬಲ್ಲವು ಇಲ್ಲದಿಲ್ಲ: ಮದ್ಯ, ಮೂರ್ಛೆರೋಗದ ವ್ಯಾಲ್‌ಪ್ರೊಯೇಟ್ ಮಾತ್ರೆ, ಸೀಸ, ಅಯೋಡಿನ್ ಕೊರತೆ. ಹಳೇ ಸುದ್ದಿಗಳಾದ್ದರಿಂದ ಟಿವಿಗೆ ಬೇಡ.

ಕನ್ನಡದ ಕಾಗುಣಿತ, ಒತ್ತಕ್ಷರಗಳ ಮೇಲೆ ಎಷ್ಟೋ ಮಕ್ಕಳಿಗೆ ಪೂರ್ತಿ ಹಿಡಿತ ಬರುವುದು ನಾಲ್ಕನೇ ತರಗತಿಯ ಹೊತ್ತಿಗೆ. ಆದರೂ ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಕೂರಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ನಂತರ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ, ಅವನು ಓದುವ ಭಾಷೆಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿರುವುದರಿಂದ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರನ್ನು ಕೇಳಬಹುದು.

ಪ್ರಶ್ನೆ: ನನಗೀಗ ಏಳನೇ ತಿಂಗಳು. ಮೂರು ದಿನದಿಂದ ತಲೆನೋವು. ಸುದ್ದಿ ನೋಡಿ ಹೆದರಿ ಮಾತ್ರೆ ಮುಟ್ಟಿಲ್ಲ, ಅಮೃತಾಂಜನ ಹಚ್ಚಿಕೊಂಡು ಸುಮ್ಮನಿದ್ದೇನೆ. ಸರಿಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸರಿಯಲ್ಲ. ನನಗೆ ಚಿಂತೆ ಮಾತ್ರೆಯದಲ್ಲ, ತಲೆನೋವಿನದು. ಈ ತಿಂಗಳಲ್ಲಿ ಬಿಡದ ತಲೆನೋವು ಬಸುರಿನ ರಕ್ತದೊತ್ತಡದ ಮುನ್ಸೂಚನೆಯಾಗಿರಬಹುದು. ಇಂದೇ ಹತ್ತಿರದ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಪರೀಕ್ಷಿಸಿ. ಕಣ್ಣು ಮಂಜಾದರೆ, ಮುಖ-ಕೈ ಊದಿದರೆ, ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ ರಾತ್ರಿಯಾದರೂ ಹೊರಡಿ.