ಟೆಲಿಸ್ಕೋಪ್ ಆಮೇಲೆ ಬರಲಿ

ಪ್ರೀತಿಯ ತಮ್ಮ,

ಶ್ರೀರಾಂಪುರದ ಮೈದಾನದಲ್ಲಿ ಊರವರಿಗೆಲ್ಲ ಆಕಾಶ ತೋರಿಸುವ ಸಂಜೆ ನಡೆಸಬೇಕು, ಹವ್ಯಾಸಿ ಖಗೋಳ ಸಂಘದವರನ್ನು ಕರೆಸಬೇಕು ಎಂದು ಬರೆದಿದ್ದೀಯ. ಧಾರಾಳವಾಗಿ ಕರೆಸು. 1976ರಲ್ಲಿ ಹುಟ್ಟಿದ ಬೆಂಗಳೂರಿನ ಸಂಘವಿದೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿಗಳಿದ್ದಾರೆ. ಇಬ್ಬರೂ ಈ ಕೆಲಸದಲ್ಲಿ ಪಳಗಿದವರು. ಆದರೆ ಟೆಲಿಸ್ಕೋಪಿನ ಮುಂದೆ ಸಾಲು ನಿಲ್ಲಿಸಿ, ಒಬ್ಬೊಬ್ಬರಿಗೂ ಅರ್ಧ ನಿಮಿಷ ಶನಿಯ ಬಳೆ ತೋರಿಸಿ ಕಳಿಸಿದರೆ ಅದು ಜಾತ್ರೆಯ ಬಯೋಸ್ಕೋಪ್ ಆದೀತು. ಮೊದಲ ಒಂದು ಗಂಟೆ ಬರಿಗಣ್ಣಿಗೇ ಮೀಸಲಿರಲಿ ಎಂಬುದು ನನ್ನ ವಾದ.

ಕಾರಣ ನಿಮ್ಮೂರಿನ ಹೊಲದಲ್ಲೇ ಇದೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯ ಲೆಕ್ಕ ಹಾಕುವ ಹೊಸದುರ್ಗ ಸೀಮೆಯ ರೈತನಿಗೆ ನಕ್ಷತ್ರಗಳ ಹೆಸರನ್ನು ಯಾರೂ ಕಲಿಸಬೇಕಿಲ್ಲ. ಆದರೆ ಮೇ ಕೊನೆಯಲ್ಲಿ ರೋಹಿಣಿ ಮಳೆ ಹೂಡುವಾಗ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ. ಸೂರ್ಯ ಆಗ ಅದರ ಮಗ್ಗುಲಲ್ಲೇ ಇರುತ್ತಾನೆ. ಆ ಮಳೆಗೆ ಆ ಹೆಸರು ಬಂದದ್ದೇ ಅದರಿಂದ. ಕಾಣದ ಚುಕ್ಕೆಯ ಬಳಿ ಸೂರ್ಯನಿದ್ದಾನೆಂದು ತಿಳಿಯುವುದು ಹೇಗೆ? ಆ ದಿನಗಳಲ್ಲಿ ಸೂರ್ಯ ಮುಳುಗುತ್ತಲೇ ಆಗ್ನೇಯದಲ್ಲಿ ಕೆಂಪಗೆ ಮೂಡುವ ಚುಕ್ಕೆ ಜ್ಯೇಷ್ಠಾ. ಆಕಾಶದಲ್ಲಿ ಅದು ರೋಹಿಣಿಗೆ ಹೆಚ್ಚುಕಡಿಮೆ ನೇರ ಎದುರು. ಅತ್ತ ಅದು ಮೂಡಿತೆಂದರೆ ಇತ್ತ ರೋಹಿಣಿ ಸೂರ್ಯನ ಜೊತೆಗೇ ಮುಳುಗಿತು ಎಂದರ್ಥ. ಡಿಸೆಂಬರ್ ಮೊದಲ ವಾರದಲ್ಲಿ ಇದೇ ಲೆಕ್ಕ ತಿರುಗುಮುರುಗು: ಸಂಜೆ ಪೂರ್ವದಲ್ಲಿ ಮೂಡಿದ ರೋಹಿಣಿ ನಡುರಾತ್ರಿಗೆ ನೆತ್ತಿಯ ಹತ್ತಿರ. ಇಷ್ಟನ್ನು ಕಾಣಲು ಯಾವ ಗಾಜೂ ಬೇಡ. ಬಾಯಿಪಾಠವಾಗಿರುವ ಹೆಸರಿಗೆ ಆಕಾಶದಲ್ಲಿ ಜಾಗ ಸಿಕ್ಕಿದವನು ಮರುದಿನ ತಾನೇ ತಲೆ ಎತ್ತಿ ನೋಡುತ್ತಾನೆ.

ಇದರಿಂದ ಜ್ಯೋತಿಷ್ಯಕ್ಕೆ ನೀರೆರೆದಂತಾಗುವುದಿಲ್ಲವೇ ಎಂದು ನಿನ್ನ ಮೇಷ್ಟ್ರು ಕೇಳಬಹುದು. ಮಳೆಯ ಹೆಸರು ಒಂದು ಪಂಚಾಂಗ, ಅಷ್ಟೇ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮಳೆಯನ್ನು ನಕ್ಷತ್ರ ತರುವುದಿಲ್ಲವೆಂದು ಬರ ಕಂಡ ಸೀಮೆಗೆ ಬೇರೆ ಹೇಳಬೇಕೇ? ಮೊಬೈಲಿನಲ್ಲಿ ಇದಕ್ಕಿಂತ ಚೆಂದದ ಚಿತ್ರಗಳಿವೆಯಲ್ಲ ಎಂಬ ಹುಡುಗರ ಮಾತು ಹೆಚ್ಚು ಗಟ್ಟಿ. ಟೆಲಿಸ್ಕೋಪಿನ ಶನಿ ನಿಜಕ್ಕೂ ಪುಟ್ಟದು. ಆ ಹೊತ್ತಿಗೆ ಗುರು ಮೇಲೆ ಬಂದಿದ್ದರೆ ಅಲ್ಲಿ ಅದನ್ನು ತೋರಿಸು. ಅದರ ನಾಲ್ಕು ದೊಡ್ಡ ಚಂದ್ರರನ್ನು ಏಳು ಗಂಟೆಗೆ ಒಂದು ಸಲ, ಹತ್ತಕ್ಕೆ ಇನ್ನೊಂದು ಸಲ ಕಾಗದದಲ್ಲಿ ಗುರುತು ಹಾಕಿಸು. ಒಳಗಿನ ಅಯೋ ಅಷ್ಟರಲ್ಲೇ ಸರಿದಿರುತ್ತದೆ. 1610ರಲ್ಲಿ ಗೆಲಿಲಿಯೊ ಮಾಡಿದ್ದು ಇಂಥದೇ ಕೆಲಸ. ಇದೆಲ್ಲ ದೊಡ್ಡ ಊರಿನವರ ಬಾಬತ್ತು ಎನ್ನುವವರಿಗೆ, ಚಂದ್ರಯಾನದ ಪರೀಕ್ಷೆಗಾಗಿ ಇಸ್ರೋ ಕೃತಕ ಕುಳಿಗಳನ್ನು ತೋಡಿದ್ದು ನಮ್ಮದೇ ಜಿಲ್ಲೆಯ ಉಳ್ಳಾರ್ತಿ ಕಾವಲಿನಲ್ಲಿ ಎಂದು ನೆನಪಿಸು.

ದಿನ ಹುಣ್ಣಿಮೆ ಬೇಡ. ನೆರಳಿಲ್ಲದ ಚಂದ್ರನಲ್ಲಿ ಕುಳಿಗಳು ಎದ್ದು ಕಾಣವು. ಡಿಸೆಂಬರಿನ ಶುಕ್ಲ ಪಂಚಮಿಯ ಆಸುಪಾಸು ಒಳ್ಳೆಯದು: ಬರಿಗಣ್ಣಿನ ಗಂಟೆ ಮುಗಿದ ಮೇಲೆ ಟೆಲಿಸ್ಕೋಪಿನಲ್ಲಿ ಚಂದ್ರ, ಅವನು ಮುಳುಗಿದ ಮೇಲೆ ಮಂದ ಚುಕ್ಕೆಗಳು. ಮೈದಾನದ ಪಕ್ಕದ ಕಂಬಗಳ ದೀಪ ಆರಿಸಲು ಪಂಚಾಯಿತಿಗೆ ಈಗಲೇ ಅರ್ಜಿ ಕೊಡು. ಊರಿಡೀ ಕತ್ತಲು ಮಾಡಿರೆಂದು ಕೇಳಬೇಡ, ಕೊಡಲಾರರು.

ಇಂತಿ ನಿನ್ನ ಹಿತೈಷಿ