ಫೋನಿನೊಳಗಿನ ತಾರೀಖು

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೋದ ವಾರ ನನ್ನ ತರಗತಿಯಲ್ಲಿ ಫೋನ್ ಎತ್ತಿ ತೋರಿಸಿದರು. "ಸರ್, ಇದು ದಿನಾ ಅಪ್‌ಡೇಟ್ ಮಾಡು ಅಂತ ಕೇಳ್ತೈತಿ. ಮಾಡಿದ್ರೆ ಫೋನ್ ಸ್ಲೋ ಆಗ್ತೈತಿ ಅಂತಾನೆ ನಮ್ಮ ಹುಡುಗ. ಮಾಡ್ಲೋ ಬ್ಯಾಡ್ವೋ?"

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಹಳೇ ಫೋನಿಗೆ ಆಂಡ್ರಾಯ್ಡ್‌ನ ದೊಡ್ಡ ಹೊಸ ಆವೃತ್ತಿ ಹಾಕಿದರೆ ಕೆಲವೊಮ್ಮೆ ಅದು ತೆವಳುತ್ತದೆ. ಆದರೆ ಇವರ ಫೋನ್ ಕೇಳುತ್ತಿದ್ದದ್ದು ಅದನ್ನಲ್ಲ, ತೂತು ಮುಚ್ಚುವ ಸಣ್ಣ ಸೆಕ್ಯೂರಿಟಿ ಅಪ್‌ಡೇಟನ್ನು. ಎರಡನ್ನೂ ಅಪ್‌ಡೇಟ್ ಎಂದೇ ಕರೆದು ಜನರನ್ನು ಗೊಂದಲಕ್ಕೆ ಹಾಕಿದ್ದು ಕಂಪನಿಗಳು, ನಮ್ಮ ಹುಡುಗರಲ್ಲ.

ತೂತು ಅಂದರೇನು? ಮಂಡಿಗೆ ಬಂದ ಚೀಲದ ಮೇಲೆ 50 ಕೆ.ಜಿ. ಎಂದು ಬರೆದಿದೆ ಅನ್ನಿ. ಗುಮಾಸ್ತ ತೂಕ ಹಾಕದೆ ಬರಹವನ್ನೇ ನಂಬಿ ಅಷ್ಟಕ್ಕೇ ಜಾಗ ಬಿಡುತ್ತಾನೆ. ಸುರಿದರೆ 80 ಕೆ.ಜಿ. ಇರುತ್ತದೆ, ಹೆಚ್ಚಿನದು ಪಕ್ಕಕ್ಕೆ ಚೆಲ್ಲುತ್ತದೆ. ಗೋದಾಮಿನಲ್ಲಾದರೆ ಗುಡಿಸಿ ತುಂಬಿದರಾಯಿತು. ಫೋನಿನ ಮೆಮೊರಿಯಲ್ಲಿ ಆ ಪಕ್ಕದ ಜಾಗದಲ್ಲಿ 'ಮುಂದೆ ಇಂಥ ಕೆಲಸ ಮಾಡು' ಎಂಬ ಚೀಟಿ ಇದ್ದಿರಬಹುದು. ಕಳ್ಳ ಚೀಲದಲ್ಲಿ ತುಂಬಿ ಕಳಿಸಿರುವುದೂ ಚೀಟಿಗಳನ್ನೇ. ಅಸಲಿ ಚೀಟಿ ಅಡಿಗೆ ಹೋಗಿ ಅವನದು ಮೇಲೆ ಬರುತ್ತದೆ. ಫೋನು ಪಾಪ, ಮೇಲಿದ್ದದ್ದನ್ನು ಓದಿ ಹಾಗೇ ನಡೆಯುತ್ತದೆ.

2015ರಲ್ಲಿ ಹೊರಬಿದ್ದ 'ಸ್ಟೇಜ್‌ಫ್ರೈಟ್' ಇಂಥದ್ದೇ. ಆಂಡ್ರಾಯ್ಡ್‌ನಲ್ಲಿ ವಿಡಿಯೊ ಓದುವ ಭಾಗದ ಹೆಸರು ಅದು. ಝಿಂಪೇರಿಯಂ ಎಂಬ ಸಂಸ್ಥೆಯ ಜೋಶುವಾ ಡ್ರೇಕ್ ಅದರಲ್ಲಿ ತೂತುಗಳನ್ನು ಕಂಡುಹಿಡಿದರು. ಒಂದು ಎಂಎಂಎಸ್ ಕಳಿಸಿದರೆ ಸಾಕಿತ್ತು. ಫೋನಿನ ಒಡೆಯ ಅದನ್ನು ತೆರೆದು ನೋಡಬೇಕೆಂದೂ ಇರಲಿಲ್ಲ. ಸುಮಾರು 95 ಕೋಟಿ ಫೋನ್‌ಗಳಿಗೆ ಅಪಾಯ ಎಂದು ಆಗ ಅಂದಾಜು ಮಾಡಿದ್ದರು. ಗೂಗಲ್ ಪ್ರತಿ ತಿಂಗಳೂ ಸೆಕ್ಯೂರಿಟಿ ಅಪ್‌ಡೇಟ್ ಕೊಡಲು ಶುರು ಮಾಡಿದ್ದು ಆ ಗದ್ದಲದ ನಂತರ.

ವಾಟ್ಸ್‌ಆಪ್ ಕತೆಯೂ ಇದೆ. 2019ರ ಮೇನಲ್ಲಿ ಅದರ ಕರೆ ವ್ಯವಸ್ಥೆಯಲ್ಲೊಂದು ತೂತು ಸಿಕ್ಕಿತು. ಎತ್ತದೆ ಬಿಟ್ಟ ಮಿಸ್ಡ್ ಕಾಲ್ ಮೂಲಕವೂ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಒಳಗೆ ಇಳಿಯುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1,400 ಫೋನ್‌ಗಳಿಗೆ ಗುರಿ ಇಟ್ಟಿದ್ದರು. 2021ರಲ್ಲಿ ಪತ್ರಿಕೆಗಳು ಬಯಲು ಮಾಡಿದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ಉಪ ಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ನಂಬರೂ ಇತ್ತು. ಪಟ್ಟಿಯಲ್ಲಿತ್ತು ಅಂದ ಮಾತ್ರಕ್ಕೆ ಫೋನಿನೊಳಗೆ ಹೊಕ್ಕಿದ್ದರು ಅಂತಲ್ಲ, ನೆನಪಿರಲಿ.

"ನಾವೇನು ಮಂತ್ರಿಗಳಾ ಸರ್?" ಅಂತ ಹೊನ್ನಾಳಿಯ ಹೆಣ್ಣುಮಗಳೊಬ್ಬಳು ನಕ್ಕಳು. ಸರಿಯಾದ ಪ್ರಶ್ನೆ. ಯಾರಿಗೂ ಗೊತ್ತಿಲ್ಲದ ತೂತಿಗೆ ಕೋಟಿಗಟ್ಟಲೆ ಬೆಲೆ ಇದೆ. ಅದನ್ನು ನಮ್ಮ ಮೇಲೆ ಯಾರೂ ಖರ್ಚು ಮಾಡುವುದಿಲ್ಲ. ಆದರೆ ಮುಚ್ಚುವ ಅಪ್‌ಡೇಟ್ ಬಂದ ದಿನವೇ ಆ ತೂತು ಎಲ್ಲಿತ್ತು ಅನ್ನುವುದೂ ಊರಿಗೆಲ್ಲ ಗೊತ್ತಾಗುತ್ತದೆ. ಹಳೇ ತಂತ್ರಾಂಶವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಚಿಲ್ಲರೆ ಕಳ್ಳನಿಗೂ ದಾರಿ ಕಾಣುತ್ತದೆ. ಅಲ್ಲಿಂದ ಮುಂದೆ ಅಪಾಯ ಇರುವುದು ಅಪ್‌ಡೇಟ್ ಹಾಕಿಕೊಳ್ಳದ ಫೋನಿಗೇ.

ಹಾಕಿಕೊಳ್ಳೋಣ ಅಂದರೆ ಅದು ಬರಬೇಕಲ್ಲ! ಭದ್ರಾ ನಾಲೆಯ ನೀರಿನ ಹಾಗೆ ಇದು. ಗೂಗಲ್ ಬಿಡುತ್ತದೆ, ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳು ತಮ್ಮ ಪಾಲು ಸೇರಿಸುತ್ತವೆ, ಫೋನ್ ಕಂಪನಿ ತನ್ನ ಮಾಡೆಲ್‌ಗಳಿಗೆ ಹೊಂದಿಸಿ ಕಳಿಸುತ್ತದೆ. ಕಡಿಮೆ ಬೆಲೆಯ ಫೋನ್ ಯಾವಾಗಲೂ ಅಚ್ಚುಕಟ್ಟಿನ ಕೊನೆ ಭಾಗ. ಐಫೋನಿನಲ್ಲಿ ಈ ತಾಪತ್ರಯ ಕಡಿಮೆ, ಫೋನೂ ತಂತ್ರಾಂಶವೂ ಆಪಲ್‌ನದೇ. ನಾಲೆಯ ಹೋಲಿಕೆ ಕೇಳಿ ಬೋರ್‌ವೆಲ್ ನಂಬಿದ ಜಗಳೂರಿನವರು ಮುಖ ಸಿಂಡರಿಸಿದರೆ ತಪ್ಪಿಲ್ಲ. ಅವರಿಗೆ ಅವರ ಭಾಷೆಯಲ್ಲೇ ಹೇಳಬೇಕೆಂದರೆ, ಅಪ್‌ಡೇಟ್ ನಿಂತ ಫೋನ್ ಬತ್ತಿದ ಬೋರ್‌ವೆಲ್: ಮೋಟರ್ ತಿರುಗುತ್ತದೆ, ನೀರಿಲ್ಲ.

ಬತ್ತಿದೆಯೋ ಇಲ್ಲವೋ ಈಗಲೇ ನೋಡಿ. ಸೆಟ್ಟಿಂಗ್ಸ್ ತೆರೆಯಿರಿ, 'ಫೋನ್ ಕುರಿತು' ಎಂಬಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನು ಒತ್ತಿ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತದೆ, ಸ್ವಲ್ಪ ಹುಡುಕಬೇಕು. ಸೆಕ್ಯೂರಿಟಿ ಅಪ್‌ಡೇಟ್ ಎಂಬುದರ ಕೆಳಗೆ ಒಂದು ತಾರೀಖು ಕಾಣುತ್ತದೆ, ಸಾಮಾನ್ಯವಾಗಿ ಯಾವುದೋ ತಿಂಗಳ 1 ಅಥವಾ 5. ಆ ದಿನದವರೆಗೆ ಗೊತ್ತಾದ ತೂತುಗಳು ಮುಚ್ಚಿವೆ ಎಂದು ಅರ್ಥ. ಎರಡು ಮೂರು ತಿಂಗಳು ಹಿಂದಿದ್ದರೆ ಗಾಬರಿ ಬೇಡ. ವರ್ಷ ದಾಟಿದ್ದರೆ ಯೋಚಿಸಿ.

ನಾನು ಯೋಚಿಸಿರಲಿಲ್ಲ. ನ್ಯಾಮತಿಯಲ್ಲಿರುವ ಅಮ್ಮನಿಗೆ ನನ್ನ ಹಳೇ ಫೋನ್ ಕೊಟ್ಟು, ಪಿಂಚಣಿಯ ಬ್ಯಾಂಕ್ ಆಪನ್ನೂ ನಾನೇ ಹಾಕಿಕೊಟ್ಟಿದ್ದೆ. ತಾರೀಖು ನೋಡಿದಾಗ ಮೂರು ವರ್ಷ ಹಿಂದಿನದು. ನಮ್ಮ ಮನೆಗಳಲ್ಲಿ ಹೀಗೇ ಅಲ್ಲವೇ? ಹೊಸ ಫೋನ್ ಕಾಲೇಜಿನ ಮಗನಿಗೆ, ಹಾಡು ಕೇಳಲು, ರೀಲ್ಸ್ ನೋಡಲು. ಬತ್ತಿದ ಫೋನ್ ಅಪ್ಪ ಅಮ್ಮನಿಗೆ. ಅಡಿಕೆ ದುಡ್ಡು, ಡೇರಿ ದುಡ್ಡು ಬಂದು ಬೀಳುವುದು ಇದೇ ಫೋನಿನ ಖಾತೆಗೆ. ಅದಲುಬದಲು ಮಾಡಿಕೊಳ್ಳಿ ಅನ್ನುವ ಧೈರ್ಯ ನನಗಿಲ್ಲ, ಹಣದ ಆಪ್‌ಗಳನ್ನಾದರೂ ಹಳೆಯದರಿಂದ ತೆಗೆಯಿರಿ. ಕ್ರೋಮ್, ವಾಟ್ಸ್‌ಆಪ್‌ಗಳಿಗೆ ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಬರುತ್ತಲೇ ಇರುತ್ತದೆ, ಅದನ್ನು ಬಿಡಬೇಡಿ. ಹೊಸದು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಮರುವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟವು. ಅವು ದುಬಾರಿ ಫೋನ್‌ಗಳು, ನಿಜ. ಆದರೂ ಕೇಳಿದರೆ ತಾನೇ ಅಂಗಡಿಯವನೂ ತಿಳಿದುಕೊಳ್ಳುವುದು.

ಇನ್ನೊಂದು ಮಾತು. ವಾಟ್ಸ್‌ಆಪ್‌ನಲ್ಲಿ ಮದುವೆ ಕರೆಯೋಲೆ ಅಂತಲೋ ಪಿಎಂ ಕಿಸಾನ್ ಅಂತಲೋ ಬರುವ ಎಪಿಕೆ ಫೈಲ್ (ಆಪನ್ನು ಫೋನಿಗಿಳಿಸುವ ಫೈಲ್) ಇದೆಯಲ್ಲ, ಅದು ತೂತಿನಿಂದ ಬರುವುದಲ್ಲ, ನಾವೇ ಬಾಗಿಲು ತೆರೆದು ಕರೆದುಕೊಳ್ಳುವುದು. ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿನಿಂದ ಬಂದ ಆಪ್‌ಗೆ ಫೋನಿನ ಪೂರ್ತಿ ಹಿಡಿತ ಸುಲಭವಾಗಿ ಸಿಗದಂತೆ ಅಡ್ಡಿ ಇಟ್ಟಿದ್ದಾರೆ, ಅಷ್ಟೇ. ನಿಜವಾದ ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲೋ ಪ್ಲೇ ಸ್ಟೋರ್‌ನಲ್ಲೋ ಬರುತ್ತದೆ, ಲಿಂಕಿನಲ್ಲಿ ಎಂದೂ ಬರುವುದಿಲ್ಲ. ಒತ್ತಿ ದುಡ್ಡು ಹೋಯಿತೇ? ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ಬೆಳೆಗಾರರ ಫೋನಿಗೆ ಬರೋಣ. ಅಪ್‌ಡೇಟ್ ಒತ್ತಿದರೆ ಜಾಗ ಇಲ್ಲ ಅಂದಿತು. ಗ್ಯಾಲರಿ ತೆರೆದರೆ ಶುಭೋದಯದ ಚಿತ್ರಗಳು, ಸಾವಿರದ ಮೇಲೆ. "ಬೀಗರು ಕಳ್ಸಿದ್ದು ಸರ್, ತೆಗಿಬೌದಾ?" ಅಂದರು. ತೆಗೆದೆವು. ಚಾರ್ಜರ್ ಚುಚ್ಚಿ, ನನ್ನ ವೈಫೈ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಒಂದು ಸಲ ಆರಿ ಹೊತ್ತಿಕೊಂಡಿತ್ತು. ಹಿಂದಿನ ತಿಂಗಳ 5ನೇ ತಾರೀಖು ತೋರಿಸುತ್ತಿತ್ತು.